ಕಿವುಡುತನದ ಸರ್ಟಿಫಿಕೇಟ್ ಕೇಳಿ ಬಂದವರಿಗೆ ಏನು ಬರೆದುಕೊಡಬೇಕು?

ಪ್ರಶ್ನೆ: ಖಾಸಗಿ ಕ್ಲಿನಿಕ್‌ಗೆ ಬರುವವರು "ಅಂಗವೈಕಲ್ಯ ಸರ್ಟಿಫಿಕೇಟ್ ಬರೆದುಕೊಡಿ ಡಾಕ್ಟ್ರೇ" ಅಂತಾರೆ. ಲೆಟರ್‌ಹೆಡ್‌ನಲ್ಲಿ ಇಷ್ಟು ಪರ್ಸೆಂಟ್ ಅಂತ ಬರೆದುಕೊಟ್ಟರೆ ನಡೆಯುತ್ತದಾ?

ಉತ್ತರ 1: ನಡೆಯಲ್ಲ ಸರ್. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಪ್ರಕಾರ ಸರ್ಕಾರ ಗೊತ್ತುಪಡಿಸಿದವರೇ ಪ್ರಮಾಣ ನಮೂದಿಸಬೇಕು. ಹಾಗಂತ ಬರಿಗೈಲಿ ಕಳಿಸಬೇಡಿ. ತೊಂದರೆ ಎಂದಿನಿಂದ, ಯಾವ ಚಿಕಿತ್ಸೆ ಆಗಿದೆ, ಇನ್ನು ಸುಧಾರಿಸುತ್ತದಾ, ಇಷ್ಟು ಬರೆದು ಆಡಿಯೋಗ್ರಾಂ (ಕೇಳುವ ಶಕ್ತಿ ಅಳೆದ ವರದಿ) ಲಗತ್ತಿಸಿ. ಯುಡಿಐಡಿ (ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ) ಪೋರ್ಟಲ್‌ನಲ್ಲಿ ಆಧಾರ್, ಫೋಟೋ ಹಾಕಿ ರೋಗಿಯೇ ಅರ್ಜಿ ಸಲ್ಲಿಸಬೇಕು.

ಉತ್ತರ 2: ತೊಡಕಾಗುವುದು ಆಡಿಯೋಗ್ರಾಂನಲ್ಲೇ. ಎರಡೂ ಕಿವಿಯ ಅಳತೆ ಬೇಕು. ಎರಡರಲ್ಲೂ 60ರಿಂದ 70 ಡೆಸಿಬೆಲ್ ನಷ್ಟವಿದ್ದರೆ ಕಾಯ್ದೆಯಲ್ಲಿ ಮಂದಶ್ರವಣ, ಅದಕ್ಕೂ ಮೇಲಿದ್ದರೆ ಕಿವುಡು. ಒಂದೇ ಕಿವಿ ಪೂರ್ತಿ ಹೋಗಿದ್ದರೆ ಈ ವ್ಯಾಖ್ಯೆಯೊಳಗೆ ಬರುವುದಿಲ್ಲ. ಅದನ್ನು ಮೊದಲೇ ಹೇಳಿಬಿಡಿ. ಪಾಪ, ಕೂಲಿ ಬಿಟ್ಟು ಜಿಲ್ಲಾಸ್ಪತ್ರೆಗೆ ಅಲೆಯುತ್ತಾರೆ. ಕಿವಿ ಸೋರುತ್ತಿದ್ದರೆ ಅದು ವಾಸಿಯಾದ ಮೇಲೆಯೇ ಅಳೆಯಿರಿ. ಹೇಳಿದ್ದು ಅರ್ಥವಾಗದ ಪುಟ್ಟ ಮಕ್ಕಳಿಗೆ ಬೇರಾ (BERA, ಶಬ್ದಕ್ಕೆ ಕಿವಿಯ ನರ ಮತ್ತು ಮಿದುಳು ಸ್ಪಂದಿಸುವುದನ್ನು ಅಳೆಯುವ) ಪರೀಕ್ಷೆ ಮಾಡಿಸಿ.

ಪ್ರಶ್ನೆ ಕೇಳಿದವರು: 40%ಗಿಂತ ಕಡಿಮೆ ಬಂದರೆ?

ಉತ್ತರ 1: ಸರ್ಟಿಫಿಕೇಟ್ ಸಿಗುತ್ತದೆ, ಆದರೆ ಉದ್ಯೋಗ ಮೀಸಲಾತಿಗೆ 40% ಇರಲೇಬೇಕು. ತೀರ್ಮಾನ ಒಪ್ಪಿಗೆಯಾಗದಿದ್ದರೆ 59ನೇ ಸೆಕ್ಷನ್‌ನಡಿ ಮೇಲ್ಮನವಿ ಹಾಕಬಹುದು.