ಸಹಾಯ ಬೇಕು: ಕಸ ಹಿಡಿಯುವ ದೋಣಿಯ ಫ್ಯಾನಿಗೆ ಬಲೆ ಸುತ್ತಿಕೊಳ್ಳುತ್ತಿದೆ

ಎಲ್ಲರಿಗೂ ನಮಸ್ಕಾರ. ನಾವು ಮೂವರು ಸ್ನೇಹಿತರು ಮಂಗಳೂರಿನಲ್ಲಿ ತಾನಾಗಿಯೇ ಓಡಾಡಿ ಕಸ ಹಿಡಿಯುವ ಪುಟ್ಟ ದೋಣಿ ಕಟ್ಟುತ್ತಿದ್ದೇವೆ. ಎರಡು ದಪ್ಪ ಪಿವಿಸಿ ಪೈಪು, ನಡುವೆ ಜಾಲರಿ ಬುಟ್ಟಿ, ದೋಣಿ ನಡೆಸಲು ಪಿಕ್ಸ್‌ಹಾಕ್ ಎಂಬ ಕಂಟ್ರೋಲ್ ಬೋರ್ಡು, ಅದರಲ್ಲಿ ಆರ್ಡುಪೈಲಟ್ ಎಂಬ ಸಾಫ್ಟ್‌ವೇರ್. ನೆದರ್‌ಲ್ಯಾಂಡ್ಸಿನ ರೋಟರ್‌ಡ್ಯಾಮಿನ ಕಂಪನಿಯೊಂದರ ವೇಸ್ಟ್‌ಶಾರ್ಕ್ ಎಂಬ ಕಸ ಹಿಡಿಯುವ ಯಂತ್ರ ನೋಡಿ ಹುಟ್ಟಿದ ಆಸೆ ಇದು. ಅದು ವೇಲ್ ಶಾರ್ಕಿನ ಹಾಗೆ ಬಾಯಿ ತೆರೆದುಕೊಂಡೇ ತೇಲುವ ಕಸ ನುಂಗುತ್ತಾ ಹೋಗುತ್ತದೆ.

ಕೆರೆಯಲ್ಲಿ ನಮ್ಮದು ಚೆನ್ನಾಗಿ ಓಡಿತು. ಗುರುಪುರ ನದಿಯಲ್ಲಿ, ಬೆಂಗ್ರೆ ಹತ್ತಿರ ಇಳಿಸಿದಾಗ ಹತ್ತೇ ನಿಮಿಷಕ್ಕೆ ನಿಂತುಬಿಟ್ಟಿತು. ಎಳೆದು ನೋಡಿದರೆ ನೀರೊಳಗೆ ತಿರುಗಿ ದೋಣಿ ತಳ್ಳುವ ಎಡಗಡೆ ಫ್ಯಾನಿಗೆ ಹಸಿರು ನೈಲಾನ್ ಬಲೆಯ ಎಳೆ ಬಿಗಿಯಾಗಿ ಸುತ್ತಿತ್ತು, ಒಳಗೆ ಗುಟ್ಕಾ ಚೀಟಿ ಸಿಕ್ಕಿಕೊಂಡಿತ್ತು. ಬ್ಲೇಡಿನಿಂದ ಕುಯ್ದು ತೆಗೆಯಲು ಅರ್ಧ ಗಂಟೆ ಬೇಕಾಯಿತು. ಸುತ್ತ ಜಾಲರಿ ಹಾಕಿದೆವು, ಆಗ ಪ್ಲಾಸ್ಟಿಕ್ ಕವರ್ ಅದಕ್ಕೇ ಅಂಟಿಕೊಂಡು ದೋಣಿ ಮುಂದೆ ಹೋಗುವುದೇ ಇಲ್ಲ.

ಬೋಟಿನ ಇಂಜಿನ್ ಕೆಲಸ ಗೊತ್ತಿರುವವರು ದಯವಿಟ್ಟು ಹೇಳಿ. ದೊಡ್ಡ ಬೋಟಿನಲ್ಲಿ ಫ್ಯಾನ್ ತಿರುಗಿಸುವ ಶಾಫ್ಟಿಗೆ ಹಗ್ಗ ಕತ್ತರಿಸುವ ಬ್ಲೇಡ್ ಕೂರಿಸುತ್ತಾರಲ್ವಾ, ಅದನ್ನು ಇಷ್ಟು ಸಣ್ಣ ಮೋಟಾರಿಗೆ ಮಾಡಬಹುದಾ? ಇಲ್ಲ, ಫ್ಯಾನ್ ಬಿಟ್ಟು ದೋಣಿಯ ಎರಡೂ ಬದಿಯಲ್ಲಿ ನೀರು ತಳ್ಳುವ ಚಕ್ರ ಹಾಕುವುದೇ ಒಳ್ಳೆಯದಾ?

ಇನ್ನೊಂದು ವಿಷಯ. ನೀರಿನ ಕಲಕು ಅಳೆಯುವ ಸೆನ್ಸರ್ ಗಾಜಿಗೆ ಪಾಚಿ ಕಟ್ಟಿ ಲೆಕ್ಕ ತಪ್ಪುತ್ತಿದೆ. ಒರೆಸಲು ಸುಲಭದ ದಾರಿ ಇದ್ದರೆ ತಿಳಿಸಿ.

ಇಳಿತದ ಹೊತ್ತಲ್ಲಿ ಸೆಳೆತ ಜಾಸ್ತಿ. ಮೀನುಗಾರರ ದೋಣಿಗೆ ತೊಂದರೆ ಆಗಬಾರದು ಎಂದು ಸದ್ಯಕ್ಕೆ ಹಗ್ಗ ಕಟ್ಟಿಯೇ ಬಿಡುತ್ತಿದ್ದೇವೆ. ಅಳಿವೆ ದಾಟಿದ ಕಸವನ್ನು ಸಮುದ್ರದಲ್ಲಿ ಹುಡುಕಿ ತೆಗೆಯುವುದು ಬಹಳ ಕಷ್ಟ. ಅದಕ್ಕೇ ಇಲ್ಲೇ ಹಿಡಿಯಬೇಕೆಂಬ ಹಟ ನಮಗೆ. ಹತ್ತಿರದಲ್ಲಿ ಇರುವವರು ಭಾನುವಾರ ಬೆಳಿಗ್ಗೆ ಬಂದು ಒಮ್ಮೆ ನೋಡಿದರೂ ದೊಡ್ಡ ಉಪಕಾರ.