ಜಲ್ಲಿ ಹೊಂಡದಿಂದ ಆವಿಯಾಗುವ ನೀರನ್ನು ನದಿಗೆ ಏಕೆ ತುಂಬಿಕೊಡಬೇಕು?

ಪ್ರಶ್ನೆ (ಪೂಡರ್ ತೀರದ ನಿವಾಸಿ):

ನಾನು ಅಮೆರಿಕದ ಕೊಲೊರಾಡೊ ರಾಜ್ಯದ ಫೋರ್ಟ್ ಕಾಲಿನ್ಸ್‌ನಲ್ಲಿ ವಾಸವಾಗಿದ್ದೇನೆ. ಇಲ್ಲಿ ಕ್ಯಾಶ್ ಲಾ ಪೂಡರ್ ನದಿಯ ಅಕ್ಕಪಕ್ಕ ಕಾಣುವ ಎಷ್ಟೋ ಕೆರೆಗಳು ಜಲ್ಲಿ, ಮರಳು ತೆಗೆದ ಹೊಂಡಗಳು. ನಮ್ಮ ಬಡಾವಣೆಯ ಬಳಿ ಸುಮಾರು 20 ಎಕರೆಯ ಅಂಥದೊಂದು ಹೊಂಡದ ಕೆಲಸ ಮುಗಿಯುತ್ತಾ ಬಂದಿದ್ದು, ಅದನ್ನು ಕೆರೆಯಾಗಿಯೇ ಉಳಿಸುವ ಯೋಜನೆಯಿದೆ. ಆದರೆ ಆ ಕೆರೆಯಿಂದ ನಷ್ಟವಾಗುವ ನೀರಿಗೆ ಪ್ರತಿಯಾಗಿ ಕಂಪನಿಯು ನದಿಗೆ ಬದಲಿ ನೀರು ಬಿಡಬೇಕೆಂಬ ಷರತ್ತು ಇದೆಯಂತೆ. ಕಂಪನಿ ಅಗೆದಿರುವುದು ತನ್ನ ಸ್ವಂತ ಭೂಮಿಯನ್ನು. ನದಿಗೆ ಪಂಪು ಇಟ್ಟು ನೀರೆತ್ತಿಲ್ಲ. ಹೊಂಡದಲ್ಲಿ ನೀರು ತಾನಾಗಿ ಒಸರಿ ನಿಂತಿದೆ. ಹೀಗಿರುವಾಗ ಈ ಬಾಧ್ಯತೆ ಎಲ್ಲಿಂದ ಬಂತು, ಅದರ ಪ್ರಮಾಣವನ್ನು ಹೇಗೆ ನಿರ್ಧರಿಸುತ್ತಾರೆ, ಕಂಪನಿ ಇಲ್ಲಿಂದ ಹೊರಟುಹೋದ ಮೇಲೆ ಅದನ್ನು ಯಾರು ಹೊರುತ್ತಾರೆ ಎಂಬುದನ್ನು ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ (ಜಲಲೆಕ್ಕಿಗ):

ನೀರು ತಾನಾಗಿ ಒಸರಿ ನಿಂತಿದೆ ಎಂಬ ನಿಮ್ಮ ಮಾತಿನಲ್ಲಿಯೇ ಉತ್ತರವಿದೆ. ಆ ನೀರು ನದಿಯ ಪಾತ್ರಕ್ಕೆ ಹೊಂದಿಕೊಂಡಿರುವ ಮರಳು-ಜಲ್ಲಿಯ ಪದರದಲ್ಲಿ ನದಿಯ ಕಡೆಗೇ ನಿಧಾನವಾಗಿ ಹರಿಯುತ್ತಿದ್ದ ಅಂತರ್ಜಲ. ಮೇಲಿನ ಮಣ್ಣಿನ ಹೊದಿಕೆ ಇರುವವರೆಗೆ ಅದಕ್ಕೆ ಬಿಸಿಲು, ಗಾಳಿ ತಾಗುತ್ತಿರಲಿಲ್ಲ. ಹೊದಿಕೆ ತೆಗೆದ ದಿನದಿಂದ ಅದು ಆವಿಯಾಗತೊಡಗುತ್ತದೆ, ಮತ್ತು ಅಷ್ಟು ನೀರು ನದಿಗೆ ಸೇರುವುದು ತಪ್ಪುತ್ತದೆ.

ಕೊಲೊರಾಡೊದಲ್ಲಿ ಮೊದಲು ನೀರು ಬಳಸಿದವನಿಗೆ ಮೊದಲ ಹಕ್ಕು. 1876ರ ರಾಜ್ಯ ಸಂವಿಧಾನದಲ್ಲಿಯೇ ಇರುವ ಈ ತತ್ತ್ವದ ಪ್ರಕಾರ ಕೆಳಹರಿವಿನ ರೈತನೊಬ್ಬನ ಹಕ್ಕು 1870ರ ದಶಕದ್ದಾಗಿದ್ದರೆ, ನಿನ್ನೆ ಮೊನ್ನೆ ತೋಡಿದ ಹೊಂಡವು ಅವನ ಪಾಲನ್ನು ಒಂದಿಷ್ಟೂ ಕಡಿಮೆ ಮಾಡುವಂತಿಲ್ಲ. ಅಂತರ್ಜಲವನ್ನು ತೆರೆದಿಡುವ ಜಲ್ಲಿ ಹೊಂಡವೂ ಕಾನೂನಿನ ದೃಷ್ಟಿಯಲ್ಲಿ ಬಾವಿಯೇ ಎಂದು ರಾಜ್ಯದ ಸರ್ವೋಚ್ಚ ನ್ಯಾಯಾಲಯವು 1988ರಲ್ಲಿ, ನಿಮ್ಮ ಪೂಡರ್ ನದಿಯ ನೀರು ಬಳಕೆದಾರರು ಪಕ್ಷಗಾರರಾಗಿದ್ದ ಪ್ರಕರಣದಲ್ಲಿಯೇ ತೀರ್ಪು ನೀಡಿತು. ಮರುವರ್ಷ ಶಾಸನಸಭೆಯು ಇದಕ್ಕೆ ಕಾಯಿದೆಯ ರೂಪ ಕೊಟ್ಟು, 1980ರ ಡಿಸೆಂಬರ್ 31ಕ್ಕೆ ಮೊದಲೇ ತೆರೆದುಕೊಂಡಿದ್ದ ನೀರಿನ ಹರವಿಗೆ ಮಾತ್ರ ಆವಿಯ ನಷ್ಟವನ್ನು ತುಂಬುವುದರಿಂದ ವಿನಾಯಿತಿ ನೀಡಿತು.

ಪ್ರಮಾಣದ ವಿಚಾರ. ಈ ಭಾಗದಲ್ಲಿ ತೆರೆದ ನೀರಿನಿಂದ ವರ್ಷಕ್ಕೆ ಸುಮಾರು ಮೂರೂವರೆ ಅಡಿ ಆವಿಯಾಗುತ್ತದೆ ಎಂದು ಇಟ್ಟುಕೊಳ್ಳಿ. ಹೊಂಡ ತೋಡುವ ಮೊದಲು ಅಲ್ಲಿದ್ದ ಸಹಜ ಹುಲ್ಲು, ಪೊದೆಗಳು ಮಳೆನೀರಿನಲ್ಲಿ ಒಂದಷ್ಟನ್ನು ಹೀರುತ್ತಲೇ ಇದ್ದುದರಿಂದ ಆ ಪಾಲನ್ನು ಕಳೆಯಲು ಕಾಯಿದೆ ಒಪ್ಪುತ್ತದೆ. ಉಳಿಯುವುದು ಎರಡೂವರೆ ಅಡಿಯ ಆಸುಪಾಸು. 20 ಎಕರೆಗೆ ಅದು 50 ಎಕರೆ-ಅಡಿ (ಒಂದು ಎಕರೆಯ ಮೇಲೆ ಒಂದು ಅಡಿ ಎತ್ತರ ನಿಲ್ಲುವ ನೀರು ಒಂದು ಎಕರೆ-ಅಡಿ), ಅಂದರೆ ಆರು ಕೋಟಿ ಲೀಟರಿಗೂ ಹೆಚ್ಚು, ಅದೂ ಪ್ರತಿವರ್ಷ. ಗಣಿಗಾರಿಕೆ ನಡೆಯುವಾಗ ಜಲ್ಲಿಗೆ ಅಂಟಿಕೊಂಡು ಲಾರಿಯಲ್ಲಿ ಹೊರಹೋಗುವ ತೇವವನ್ನೂ ಸೇರಿಸಬೇಕು. ಜಲಮಟ್ಟದ ಕೆಳಗಿನಿಂದ ತೆಗೆದು ತೊಳೆದ ಜಲ್ಲಿಗೆ ತೂಕದ ಶೇ. 4ರಷ್ಟನ್ನು ಲೆಕ್ಕ ಹಿಡಿಯುವುದು ವಾಡಿಕೆ. ಒಂದು ಲಕ್ಷ ಟನ್ನಿಗೆ ಅದು 40 ಲಕ್ಷ ಲೀಟರ್. ದೂಳು ಅಡಗಿಸಲು ಚಿಮುಕಿಸುವ ನೀರು ಬೇರೆ.

ವರ್ಷದ ಮೊತ್ತ ಸರಿಹೋದರೆ ಸಾಲದು. ಹೊಂಡವು ನದಿಯಿಂದ ದೂರವಿದ್ದಷ್ಟೂ ಇಂದಿನ ನಷ್ಟವು ನದಿಗೆ ತಡವಾಗಿ, ಕೆಲವೊಮ್ಮೆ ತಿಂಗಳುಗಳ ನಂತರ ತಟ್ಟುತ್ತದೆ. ಆ ವಿಳಂಬವನ್ನು ಗಣಿತಸೂತ್ರಗಳಿಂದ ಅಂದಾಜು ಮಾಡಿ, ಹಳೆಯ ಹಕ್ಕುದಾರನಿಗೆ ಕೊರತೆ ತಟ್ಟುವ ಸಮಯದಲ್ಲಿ, ಅವನ ಕಾಲುವೆಯ ಬಾಯಿಗಿಂತ ಮೇಲೆಯೇ ನೀರು ಬಿಡಬೇಕಾಗುತ್ತದೆ.

ಪ್ರಶ್ನೆ ಕೇಳಿದವರು:

ಇಷ್ಟು ವಿವರವಾಗಿ ಬರೆದಿದ್ದಕ್ಕೆ ಧನ್ಯವಾದಗಳು. ಆ 50 ಎಕರೆ-ಅಡಿ ನೀರನ್ನು ಕಂಪನಿ ಎಲ್ಲಿಂದ ತರುತ್ತದೆ? ಮತ್ತು ನಮ್ಮ ಹತ್ತಿರದ ಇನ್ನೊಂದು ಹೊಂಡದ ಸುತ್ತ ನೆಲದೊಳಗೆ ಗೋಡೆ ಕಟ್ಟುತ್ತಿರುವುದಕ್ಕೂ ಇದಕ್ಕೂ ಸಂಬಂಧವಿದೆಯೇ?

ಉತ್ತರ (ಗ್ರೀಲಿಯ ಸಿವಿಲ್ ಎಂಜಿನಿಯರ್):

ನೇರ ಸಂಬಂಧವಿದೆ. ಮೊದಲು ನೀರಿನ ಮೂಲದ ಬಗ್ಗೆ ಹೇಳುತ್ತೇನೆ. ಕಂಪನಿಗಳು ಸಾಮಾನ್ಯವಾಗಿ ಹಳೆಯ ಕಾಲುವೆ ಕಂಪನಿಗಳ ಷೇರು ಕೊಂಡು, ಆ ನೀರಿನಿಂದ ಬೆಳೆ ತೆಗೆಯುತ್ತಿದ್ದ ಹೊಲವನ್ನು ಒಣಗಲು ಬಿಟ್ಟು, ಬೆಳೆಯು ಹೀರುತ್ತಿದ್ದಷ್ಟು ನೀರನ್ನು ಮಾತ್ರ ನದಿಗೆ ಜಮಾ ಮಾಡುತ್ತವೆ. ಹೊಲದಿಂದ ಬಸಿದು ನದಿಗೆ ಮರಳುತ್ತಿದ್ದ ಪಾಲು ಮೊದಲೇ ಬೇರೆಯವರದಾಗಿರುವುದರಿಂದ ಅದನ್ನು ಲೆಕ್ಕಕ್ಕೆ ಸೇರಿಸುವಂತಿಲ್ಲ. ಇಲ್ಲವೇ ನಗರಗಳ ಬಳಿ ಇರುವ ಮರುಬಳಕೆಯ ಹಕ್ಕುಳ್ಳ ನೀರನ್ನು ಗುತ್ತಿಗೆಗೆ ಪಡೆಯುತ್ತವೆ. ಗುತ್ತಿಗೆಗೆ ಅವಧಿಯಿದೆ, ಕೆರೆಯ ಆವಿಗೆ ಅವಧಿಯಿಲ್ಲ. ನನ್ನ ದೃಷ್ಟಿಯಲ್ಲಿ ಇಡೀ ವ್ಯವಸ್ಥೆಯ ದುರ್ಬಲ ಜಾಗ ಇದೇ. ಗಣಿಗಾರಿಕೆಯ ಕಾಲದಲ್ಲಿ, ರಾಜ್ಯದ ನೀರಿನ ಆಡಳಿತ ನೋಡಿಕೊಳ್ಳುವ ಸ್ಟೇಟ್ ಎಂಜಿನಿಯರ್ ಕಚೇರಿಯ ತಾತ್ಕಾಲಿಕ ಒಪ್ಪಿಗೆಯಿಂದ ಕೆಲಸ ಸಾಗುತ್ತದೆ, ಆದರೆ ಕೆರೆ ಶಾಶ್ವತವಾಗಿ ಉಳಿಯುವುದಾದರೆ ಜಲ ನ್ಯಾಯಾಲಯದ ಡಿಕ್ರಿಯುಳ್ಳ ಶಾಶ್ವತ ಯೋಜನೆ ಬೇಕು. ಕಂಪನಿಯೊಂದು ಮಧ್ಯದಲ್ಲೇ ಕೈಬಿಟ್ಟರೆ ಹೊರೆ ಸಾರ್ವಜನಿಕರ ಮೇಲೆ ಬೀಳಬಾರದೆಂದು, ತೆರೆದ ನೀರಿನ ಈ ಬಾಧ್ಯತೆಗೂ ಮುಂಗಡವಾಗಿ ಹಣದ ಭದ್ರತೆ ಇರಬೇಕೆಂದು ಗಣಿ ಇಲಾಖೆಯು 2010ರಿಂದ ಒತ್ತಾಯಿಸುತ್ತಿದೆ.

ಇನ್ನು ಗೋಡೆ. ಹೊಂಡದ ಸುತ್ತ ಅಡಿಯ ಗಟ್ಟಿ ಶಿಲೆಯವರೆಗೆ ಕಿರಿದಾದ ಕಂದಕ ತೋಡಿ, ಬೆಂಟೊನೈಟ್ ಎಂಬ, ನೀರು ತಾಗಿದರೆ ಉಬ್ಬುವ ಜೇಡಿ ಬೆರೆತ ಮಣ್ಣನ್ನು ತುಂಬಿದರೆ ಅಂತರ್ಜಲದ ನಂಟು ಕಡಿಯುತ್ತದೆ. ಸೋರಿಕೆ ಮಿತಿಯೊಳಗಿದೆಯೇ ಎಂಬುದನ್ನು 90 ದಿನಗಳ ಪರೀಕ್ಷೆಯಿಂದ ಖಚಿತಪಡಿಸಿಕೊಂಡ ಮೇಲೆ ಅದು ಬಾವಿಯಾಗಿ ಉಳಿಯದೆ ಜಲಾಶಯವೆನಿಸುತ್ತದೆ, ಮತ್ತು ಅದರಲ್ಲಿ ತಮ್ಮ ಹಕ್ಕಿನ ನೀರನ್ನು ಶೇಖರಿಸಲು ನಗರಗಳು ಮುಂದೆ ಬರುತ್ತವೆ. ಆದರೆ ಅಂತರ್ಜಲದ ಹರಿವಿಗೆ ಗೋಡೆ ಅಡ್ಡವಾದಾಗ ಮೇಲ್ಭಾಗದಲ್ಲಿ ಜಲಮಟ್ಟ ಏರಿ ನೆಲಮಾಳಿಗೆಗಳಿಗೆ ತೇವ ತಟ್ಟಬಹುದು, ಕೆಳಭಾಗದಲ್ಲಿ ಬಾವಿಗಳ ಮಟ್ಟ ಇಳಿಯಬಹುದು. ನಿಮ್ಮ ಮನೆ ಯಾವ ಭಾಗದಲ್ಲಿದೆ ಎಂಬುದನ್ನು ಗಮನಿಸಿ.

ಉತ್ತರ (ಕೋಲಾರದ ಓದುಗ):

ಇದನ್ನು ಓದುವಾಗ ಒಂದು ವ್ಯತ್ಯಾಸ ಮನಸ್ಸಿಗೆ ತಟ್ಟಿತು. ನಮ್ಮಲ್ಲಿ ನೆಲದಡಿಯ ನೀರಿನ ಮೇಲೆ ಭೂಮಿಯ ಒಡೆಯನಿಗೆ ಅಧಿಕಾರ ಕೊಡುವ ನಿಲುವಿಗೆ 1882ರ ಈಸ್‌ಮೆಂಟ್ಸ್ ಕಾಯಿದೆ (ಇನ್ನೊಬ್ಬರ ಜಮೀನಿನ ಮೇಲಿನ ಅನುಭೋಗದ ಹಕ್ಕುಗಳ ಕಾಯಿದೆ) ಆಧಾರವಾಗಿ ನಿಂತಿದೆ. ಪಾಲಾರ್ ನದಿಯ ಪಾತ್ರದಿಂದ ಸಾಗಿಹೋದ ಮರಳಿನ ಜೊತೆ ಎಷ್ಟು ನೀರು ಹೋಯಿತೆಂದು ಕೇಳಲು ಕೆಳಗಿನ ರೈತನಿಗೆ ಅಂಥದೊಂದು ಲೆಕ್ಕದ ಪುಸ್ತಕವೇ ಇಲ್ಲ. ಇಲ್ಲಿಯೂ ಮರಳಿನ ಪರವಾನಗಿಗೆ ನೀರಿನ ಲೆಕ್ಕವನ್ನು ಜೋಡಿಸಲೇಬೇಕೆಂದು ನನಗೆ ಬಲವಾಗಿ ಅನ್ನಿಸುತ್ತದೆ.

ಉತ್ತರ (ಜಲಲೆಕ್ಕಿಗ):

ಕೋಲಾರದವರ ಮಾತನ್ನು ಪೂರ್ಣವಾಗಿ ಒಪ್ಪುತ್ತೇನೆ. ಮೂಲ ಪ್ರಶ್ನೆ ಕೇಳಿದವರಿಗೆ ಒಂದು ಸಲಹೆ: ಗಣಿ ಪರವಾನಗಿಯ ಕಡತಗಳು ಸಾರ್ವಜನಿಕವಾಗಿರುವುದರಿಂದ, ನಿಮ್ಮ ಹೊಂಡದ ಕಡತ ತೆರೆದು, ಬದಲಿ ನೀರು ಗುತ್ತಿಗೆಯದೋ ಸ್ವಂತದ್ದೋ, ಗುತ್ತಿಗೆಯಾದರೆ ಯಾವ ವರ್ಷ ಮುಗಿಯುತ್ತದೆ, ಭದ್ರತೆಯ ಮೊತ್ತದಲ್ಲಿ ನೀರಿನ ವೆಚ್ಚ ಸೇರಿದೆಯೇ ಎಂಬುದನ್ನು ನೋಡಿ. ಕೆರೆ ಮುಂದೆ ನಿಮ್ಮ ಬಡಾವಣೆಯ ಸಂಘಕ್ಕೆ ಹಸ್ತಾಂತರವಾಗುವುದಾದರೆ, ಬದಲಿ ನೀರಿನ ಹಕ್ಕೂ ಅದರೊಂದಿಗೇ ಬರುತ್ತದೆಂಬುದು ಪತ್ರದಲ್ಲಿ ಬರೆಹವಾಗಿರದ ಹೊರತು ಸಹಿ ಹಾಕಬೇಡಿ.