ಅಪ್‌ಡೇಟ್: ಮಗಳ ಸ್ಟಾರ್ಟ್ ಸುಧಾರಿಸಿದೆ

ಕಾರವಾರದಲ್ಲಿ ಈಜು ಕಲಿಯುತ್ತಿರುವ ಮಗಳು ಬ್ಲಾಕ್‌ನಿಂದ (ಕೊಳದ ಅಂಚಿನಲ್ಲಿ ಹಾರಲು ನಿಲ್ಲುವ ಕಟ್ಟೆ) ಎಲ್ಲರಿಗಿಂತ ಮೊದಲು ಹಾರಿದರೂ, ನೀರಿನಿಂದ ಮೇಲೇಳುವಷ್ಟರಲ್ಲಿ ಹಿಂದೆ ಬೀಳುವುದೇಕೆ ಎಂದು ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಮನಸಾರೆ ಧನ್ಯವಾದ.

ನೀವು ಹೇಳಿದಂತೆ ಪಕ್ಕದಿಂದ ವಿಡಿಯೊ ತೆಗೆದು ನಿಧಾನಗತಿಯಲ್ಲಿ ನೋಡಿದೆವು. ಕೈ, ತಲೆ ಒಂದು ಕಡೆ ನೀರು ಸೇರಿದರೆ, ಮಂಡಿ ಮಡಚಿದ ಕಾಲುಗಳು ಅದಕ್ಕಿಂತ ಹಿಂದೆ ಬಡಿಯುತ್ತಿದ್ದವು. ಬ್ಲಾಕ್ ಮೇಲೆ ಗಳಿಸಿದ ವೇಗ ಆ ಬಡಿತದಲ್ಲೇ ಸೋರಿಹೋಗುತ್ತಿತ್ತು. ನೀರಿನ ಸಾಂದ್ರತೆ ಗಾಳಿಗಿಂತ ಸುಮಾರು 800 ಪಟ್ಟು ಹೆಚ್ಚು. ದೇಹ ನೇರವಾಗಿಲ್ಲದಿದ್ದರೆ ಅದು ದಾರಿ ಬಿಡುವುದಿಲ್ಲ.

ಈಗ ಹಿಂದಿನ ಕಾಲಿನ ಮಂಡಿಯನ್ನು ಸುಮಾರು 90 ಡಿಗ್ರಿಗೆ ಮಡಚಿ, ಸೊಂಟ ಎತ್ತಿ ನಿಲ್ಲುತ್ತಾಳೆ. ಬೆರಳು ಹೊಕ್ಕ ಜಾಗದಲ್ಲೇ ಪಾದವೂ ಹೊಗಬೇಕು ಎಂಬುದು ಕೋಚ್ ಹಾಕಿದ ನಿಯಮ. ಹೆಚ್ಚಿನ ಲಾಭ ಸಿಕ್ಕಿದ್ದು ನೀರೊಳಗೆ: ಹೊಕ್ಕ ಕೂಡಲೇ ಒದೆಯದೆ ತುಸು ಜಾರಿ, ವೇಗ ಇಳಿಯುವ ಮೊದಲು ಡಾಲ್ಫಿನ್ ಕಿಕ್ (ಎರಡೂ ಕಾಲು ಜೋಡಿಸಿ ಒಟ್ಟಿಗೆ ಒದೆಯುವುದು) ಶುರು ಮಾಡುತ್ತಾಳೆ. ಫ್ರೀಸ್ಟೈಲ್‌ನಲ್ಲಿ 15 ಮೀಟರ್‌ವರೆಗೆ ಮುಳುಗಿರಲು ಅವಕಾಶವಿದೆ. ಅವಳಿಗೆ ಸದ್ಯ ಅಷ್ಟು ಬೇಡ.

ಟಾಗೋರ್ ಕಡಲತೀರದಲ್ಲಿ ಡೈವ್ ಅಭ್ಯಾಸ ಮಾಡಿಸಿ ಎಂದವರಿಗೆ: ದಯವಿಟ್ಟು ಬೇಡ. ಅಲೆಯ ಕೆಳಗಿನ ಆಳ ಕ್ಷಣಕ್ಷಣಕ್ಕೂ ಬದಲಾಗುತ್ತದೆ, ತಲೆ ಮುಂದಾಗಿ ಹಾರಿದರೆ ಕುತ್ತಿಗೆಗೆ ಅಪಾಯ. ಅಲ್ಲಿ ಮರಳಿನ ಮೇಲೆ ಜಿಗಿತದ ವ್ಯಾಯಾಮ ಮಾತ್ರ ಮಾಡಿಸುತ್ತಿದ್ದೇವೆ.